ಗಿರಿಜಕ್ಕ ತಂದ ಸಮುದ್ರದ ನೀರು

ಗಿರಿಜಕ್ಕ, ನಿನ್ನ ಮಂಡಿನೋವು ಹೇಗಿದೆ? ಶಂಕರಭಾವನ ಕೆಮ್ಮು ಕಡಿಮೆಯಾಯಿತೇ? ನಿನ್ನ ಮೊಮ್ಮಗಳು ಇವತ್ತು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ ಗೋಕರ್ಣದ ಫೋಟೊ ನೋಡಿ ನನ್ನ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು.

ನಾವು ಚಿಕ್ಕವರಿದ್ದಾಗ ಒಮ್ಮೆ ನನಗೆ ಜ್ವರವೆಂದು ಅಪ್ಪ ನಿನ್ನೊಬ್ಬಳನ್ನೇ ಅಲ್ಲಿಗೆ ಕರೆದೊಯ್ದಿದ್ದರು. ನಮ್ಮೂರು ಬುಕ್ಕಾಂಬುಧಿಗೆ ವಾಪಸು ಬಂದ ನೀನು ಹಳೆಯ ದೇವಸ್ಥಾನ, ಬಂಡೆ, ಅಲೆ ಎಲ್ಲ ವರ್ಣಿಸಿ, ಸಮುದ್ರದ ನೀರು ತುಂಬಿದ ಬಾಟಲಿ ಆಡಿಸುತ್ತಾ, "ಅದ್ರ ಮುಂದೆ ನಮ್ ಕೆರೆ ಬರೀ ಗುಂಡಿ ಕಣೇ" ಎಂದೆ.

ನೀನು ಸ್ನಾನಕ್ಕೆ ಹೋದಾಗ ನಾನು ಆ ನೀರನ್ನು ಹಿತ್ತಲಿಗೆ ಚೆಲ್ಲಿ, ಕೆರೆಯ ನೀರಿಗೆ ಅಡುಗೆಯ ಉಪ್ಪು ಕದಡಿ ತುಂಬಿಟ್ಟೆ. ಅಜ್ಜಿ ಅದನ್ನೇ ತೀರ್ಥವೆಂದು ಕಣ್ಣಿಗೊತ್ತಿಕೊಂಡು, ಮನೆಯೆಲ್ಲ ಚಿಮುಕಿಸಿ, "ಸಮುದ್ರ ಮನೇಗೇ ಬಂದ್ಬಿಡ್ತಲ್ಲೇ" ಎಂದು ಕಣ್ಣೀರು ಹಾಕಿದಳು. ಆಮೇಲೆ ಬಾಯಿಬಿಡಲು ನನಗೆ ಧೈರ್ಯವೇ ಬರಲಿಲ್ಲ.

ನಾನಿನ್ನೂ ಸಮುದ್ರ ನೋಡಿಲ್ಲ ಅಕ್ಕ. ಬೈಯುವುದಿದ್ದರೆ ಬೈ, ಆದರೆ ಮುಂದಿನ ಸಲ ನನ್ನನ್ನೂ ಕರೆದೊಯ್ಯುತ್ತೀಯಾ ಎಂದು ಬೇಗ ಬರೆ.