ಗಿಡ್ಡ ಮಾಡಿಸಿದ ಬಾಗಿಲು

ನಮ್ಮ ವಾಡೆಯಲ್ಲಿ ದೇವರ ಮನೆಯ ಪಕ್ಕದ ಕೋಣೆಗೆ ಒಂದು ಗಿಡ್ಡ ಬಾಗಿಲಿದೆ. ನೋಡಲು ಬಂದವರೆಲ್ಲ ತಲೆ ಬಗ್ಗಿಸಿ ಒಳಗೆ ಹೋಗಿ ಕಣ್ಣು ಒದ್ದೆ ಮಾಡಿಕೊಂಡು ಹೊರಗೆ ಬರುತ್ತಾರೆ. ಆ ಬಾಗಿಲು ಮೊದಲಿನಿಂದ ಗಿಡ್ಡ ಇರಲಿಲ್ಲ. ಬಡಿಗನನ್ನು ಕರೆಸಿ, ಮೇಲುಗಡೆ ಹಳೆಯ ಸಾಗವಾನಿ ಹಲಗೆ ಹೊಡೆಸಿ, ಅದನ್ನು ಗಿಡ್ಡ ಮಾಡಿಸಿದವನು ನಾನು. ರತ್ನವ್ವ, ಇದನ್ನು ಮೊದಲು ನಿಮಗೇ ಹೇಳಬೇಕು — ನಿಜವಾದ ಗಿಡ್ಡ ಬಾಗಿಲು ನಿಮ್ಮ ಮನೆಯದು.

ಮಹಾಯುದ್ಧ ನಡೆದಿದ್ದ ಕಾಲ, ಚಲೇಜಾವ್ ಚಳವಳಿಯ ದಿನಗಳು. ಪೊಲೀಸರು ಹುಡುಕುತ್ತಿದ್ದ ಆ ದೊಡ್ಡ ನಾಯಕರು — ಹೆಸರು ಬೇಡ, ನಮ್ಮೂರಲ್ಲಿ 'ಅವರು' ಎಂದರೆ ಸಾಕು — ಮಲಪ್ರಭೆ ದಾಟಿ ನಮ್ಮ ಮನೆಗೆ ಬಂದರು. ನಮ್ಮದು ವೈದಿಕರ ಮನೆ. ನನ್ನ ಅಜ್ಜ ಅವರಿಗೆ ಕೈ ಮುಗಿದ, ಹಿತ್ತಲ ಬಾಗಿಲಿನಿಂದ ಹಳ್ಳದ ಆಚೆಗೆ ಕಳಿಸಿಯೂಬಿಟ್ಟ. ಅಲ್ಲಿತ್ತು ನಿಮ್ಮ ಅಜ್ಜಿಯ ಮನೆ, ನಮ್ಮವರು ಮುಟ್ಟಿಸಿಕೊಳ್ಳದ ಕೇರಿಯಲ್ಲಿ. ಗೌಡನಾಗಲಿ ಫೌಜದಾರನಾಗಲಿ ಮೈಲಿಗೆಯ ಭಯಕ್ಕೆ ಆ ಹೊಸ್ತಿಲು ತುಳಿಯುವವರಲ್ಲ. ಊರಿನ ಪಾಪವೇ ಅವರನ್ನು ಕಾಯಿತು. ಒಂದು ಇಡೀ ಮಳೆಗಾಲ ಅವರು ಅಲ್ಲಿ ಉಳಿದರು. ನಮ್ಮ ಪಾಲು ಎಂದರೆ ನನ್ನ ಅಜ್ಜಿ ಹಿತ್ತಲ ಗೋಡೆಯ ಮೇಲೆ ಇಡುತ್ತಿದ್ದ ರೊಟ್ಟಿ, ಅಷ್ಟೇ.

ಹೊರಡುವ ದಿನ ಅವರು ಆ ಗೋಡೆಯ ಆಚೆ ನಿಂತು ನಕ್ಕಿದ್ದರಂತೆ. ಎತ್ತರದ ಆಳು, ದಿನಾ ಆ ಮನೆಯ ಚೌಕಟ್ಟಿಗೆ ತಲೆ ಬಡಿಸಿಕೊಂಡವರು. "ತಂಗೀ, ಆ ಗಿಡ್ಡ ಬಾಗಲಾ ನನಗ ಬಗ್ಗೂದು ಕಲಿಸ್ತು" ಎಂದರಂತೆ. ನನ್ನ ಅಜ್ಜಿ ಇದನ್ನು ಹೇಳುವಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ಈಗಲೂ, ಬರೆಯುವಾಗಲೂ.

ಆ ಮಾತು ಊರಲ್ಲಿ ಉಳಿಯಿತು. ಯಾವ ಬಾಗಿಲು ಎಂಬುದು ಮಾತ್ರ, ನನ್ನೊಬ್ಬನನ್ನು ಬಿಟ್ಟರೆ, ತಿಳಿದವರ ಜೊತೆ ಹೋಯಿತು — ಎಂದು ನಾನು ತಿಳಿದಿದ್ದೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದವನು ನಾನು; ಕಿತ್ತೂರಿನ ಕೋಟೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ಕಲ್ಲು ಸುಳ್ಳು ಹೇಳುವುದಿಲ್ಲ ಎಂದು ಭಾಷಣ ಮಾಡುತ್ತಿದ್ದವನು. ಬೈಲಹೊಂಗಲದ ಕಡೆಯವರು ಯಾರೋ ಬಂದು, "ಅವರಿದ್ದ ಮನಿ ಯಾವುದ್ರಿ?" ಎಂದು ಕೇಳಿದರು. ನಾನು ನಮ್ಮ ಪಡಸಾಲೆಯಲ್ಲಿ ಕುಳಿತುಕೊಂಡೇ "ಇದೇರಿ" ಎಂದೆ. ಯಾಕೆ ಎಂದೆನೋ... ಅವರ ಕಣ್ಣಲ್ಲಿ ಮೂಡಿದ ಆ ಭಕ್ತಿ ನಮ್ಮ ಮನೆಗೆ ಸಿಗಲಿ ಎನಿಸಿತು. ಬೇರೆ ಕಾರಣ ಇಲ್ಲ.

ಮುಂದೆ ಜನ ಬರತೊಡಗಿದರು. ಒಮ್ಮೆ ರಾಮದುರ್ಗದ ಒಬ್ಬ ಮುದುಕಿ ಕೋಣೆಯ ಬಾಗಿಲನ್ನು ಮೇಲೆ ಕೆಳಗೆ ನೋಡಿ, "ಇದರಾಗ ಆನಿ ಹಾದು ಹೋಗ್ತೈತಲ್ಲರಿ ಮಾಸ್ತರ, ಅವರ ತಲಿ ಹೆಂಗ ಬಡೀತು?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ — ಮರುವಾರವೇ ಬಡಿಗ ಬಂದ.

ಆ ಮೇಲೆ ಯಾರೂ ಕೇಳಲಿಲ್ಲ, ಎಲ್ಲರೂ ಬಗ್ಗಿದರು. ಅವರ ಕಣ್ಣೀರು ನಿಜವಾದದ್ದು, ರತ್ನವ್ವ. ನಾನು ಹೊಡೆಸಿದ ಹಲಗೆಯ ಕೆಳಗೆ ನಿಜವಾದ ಕಣ್ಣೀರು! ಕೆಲವು ದಿನ ನನಗೇ ನನ್ನ ಸುಳ್ಳಿನ ಮೇಲೆ ನಂಬಿಕೆ ಬರುತ್ತಿತ್ತು.

ಈ ವರ್ಷ ನಮ್ಮ ವಾಡೆಯನ್ನು ಸ್ಮಾರಕ ಮಾಡುವುದೆಂದು ಸರಕಾರದವರು ತೀರ್ಮಾನಿಸಿದರು. ನೋಡಲು ಬರುವವರ ಗಾಡಿ ನಿಲ್ಲಿಸಲು ಜಾಗ ಬೇಕು. ರಸ್ತೆ ಇರುವುದು ಹಳ್ಳದ ಆಚೆ. ಅಲ್ಲಿರುವ ನಿಮ್ಮ ಮನೆ ಕೆಡವಬೇಕು. ಪಡಸಾಲೆಯಲ್ಲಿ ಈ ಮಾತು ನಡೆದಾಗ ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಯರಗಟ್ಟಿಯ ನಿಮ್ಮ ಹೊಲಿಗೆ ಅಂಗಡಿ ಮುಚ್ಚಿ ಬಂದ ನೀವು ಕಟ್ಟೆಯ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿರಿ. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದಿರಿ.

"ಮನಿ ಹೋದರ ಹೋಗ್ಲಿ ಮಾಸ್ತರ. ನಮ್ಮ ಬಾಗಲದ ಚೌಕಟ್ಟ ಅಷ್ಟು ಕಿತ್ತು ನಿಮ್ಮ ಮನ್ಯಾಗ ಕೂಡಿಸ್ಕೋರಿ. ಜನಾ ಬಗ್ಗೂದು ಖರೇ ಬಾಗಲಕ್ಕ ಬಗ್ಗಲಿ."

ಕುಳಿತಲ್ಲಿಂದ ಎದ್ದೆ. "ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ಲದ ಏನ್ರಿ. ಹೋಗುವಾಗ ಅವರು ನಮ್ಮ ಅಜ್ಜಿಗೆ ಹೇಳಿದ್ರಂತ, ನಾ ಬಂದು ಹೇಳೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ ಅಂತ. ಅವರು ಹೊಳ್ಳಿ ಬರಲಿಲ್ಲ. ನಾವು ಹೇಳಲಿಲ್ಲ."

ಎಲ್ಲಮ್ಮನ ಗುಡ್ಡ ಹತ್ತಿದ್ದೇನೆ, ನವಿಲುತೀರ್ಥದಲ್ಲಿ ನೀರು ಭೋರ್ಗರೆದು ಬೀಳುವುದನ್ನು ನೋಡಿದ್ದೇನೆ. ಆ ಹೊತ್ತಿನಲ್ಲಿ ಆದ ಹಾಗೆ ನನಗೆ ಎಂದೂ ಆಗಿಲ್ಲ. ದೇಶ ಸ್ವತಂತ್ರವಾಗಿ, ಪೊಲೀಸರೂ ಸತ್ತು, ಕೇಳುವವರೂ ಇಲ್ಲದಾದ ಮೇಲೂ — ತಲೆಮಾರುಗಟ್ಟಲೆ ಒಂದು ಮಾತು! ನಾನು ಇತಿಹಾಸ ಕಲಿಸಿದೆ. ಅದನ್ನು ಕಾದವರು ಹಳ್ಳದ ಆಚೆ ಇದ್ದರು.

ನಿಮ್ಮ ಹಿಂದೆಯೇ ಹಳ್ಳ ದಾಟಿ ಬಂದೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು — ಈ ವಯಸ್ಸಿನವರೆಗೆ ನಾನು ನಿಮ್ಮ ಮನೆಯೊಳಗೆ ಕಾಲಿಟ್ಟಿರಲಿಲ್ಲ. ತರಗತಿಯಲ್ಲಿ ಸಮಾನತೆ ಹೇಳಿದೆ, ನಿಮ್ಮ ಅಂಗಳದಲ್ಲೇ ನಿಂತು ಮಾತಾಡಿ ತಿರುಗಿ ಹೋದೆ. ಅಂದು ಒಳಗೆ ಬರಹೋಗಿ ಹಣೆ ಫಟ್ಟನೆ ಬಡಿಯಿತು.

"ಬಗ್ಗರಿ, ಮಾಸ್ತರ."

ಒಳಗೆ ನಿಮ್ಮ ಹೊಲಿಗೆ ಯಂತ್ರ, ಸುಣ್ಣದ ಗೋಡೆ, ಗೋಡೆಯ ಗೂಡಿನಲ್ಲಿ ಹಳೆಯ ದೀಪದ ಮಸಿ. ಅಷ್ಟೇ. ನೀವು ಚಹಾ ಕೊಟ್ಟಿರಿ. ನಾಚಿಕೆಗೆ ನನಗೆ ಕುಡಿಯಲಾಗಲಿಲ್ಲ, ಆ ಬಾಗಿಲನ್ನೇ ನೋಡುತ್ತ ಕುಳಿತೆ.

ಇವತ್ತು ಮುಂಜಾನೆ ಆ ಹಲಗೆ ಕಿತ್ತು ಹಾಕಿದೆ. ಮೊಳೆಯ ತೂತು ಹಾಗೇ ಇರಲಿ, ಮುಚ್ಚಿಸುವುದಿಲ್ಲ. ನಾಳೆ ನಿಮ್ಮ ಜಾಗ ಅಳೆಯಲು ಬರುತ್ತಾರೆ. ಅದೇ ಪಡಸಾಲೆಯಲ್ಲಿ ಅವರೆದುರು "ಇದಲ್ಲರಿ, ಅದು" ಎಂದು ಹಳ್ಳದ ಆಚೆ ಕೈ ತೋರಿಸುತ್ತೇನೆ. ಮಾಸ್ತರನಿಗೆ ಅರಳುಮರಳು ಎಂದಾರು, ಎನ್ನಲಿ. ನಿಮ್ಮ ಅಜ್ಜಿ ಕೊಟ್ಟ ಮಾತು ನಿಮ್ಮದು. ಅದನ್ನು ಮುರಿಯಿರಿ ಎನ್ನುವ ಬಾಯಿ ನನಗಿಲ್ಲ. ಸುಳ್ಳು ಮಾತ್ರ ನನ್ನದು, ಅದನ್ನು ನಾನೇ ಹೇಳಬೇಕು.

ಹಣೆಯ ಮೇಲಿನ ಬಾವು ಇನ್ನೂ ಇಳಿದಿಲ್ಲ, ರತ್ನವ್ವ. ಅದು ಇಳಿಯುವುದರೊಳಗೆ ಹೇಳಿಬಿಡುತ್ತೇನೆ.