ನೀರು ಬೇಡವೆಂದ ಮೇಡಂ

ನಮ್ಮ ಮನೆ ನೋಡಲು ಮೊದಲ ಸಲ ಬಂದ ಮೇಡಂ ನೀರು ಕುಡಿಯಲಿಲ್ಲ. ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು. ಮೇಡಂ ಕೈಮುಗಿದು, "ಬ್ಯಾಡ್ರಿ ಅಮ್ಮಾ" ಎಂದು ಹೇಳಿ, ತಮ್ಮ ಚೀಲದಿಂದ ನೀಲಿ ಮುಚ್ಚಳದ ಬಾಟಲಿ ತೆಗೆದು ಅದರ ನೀರು ಕುಡಿದರು. ಅವ್ವ ಆ ಬಾಟಲಿಯನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಆದದ್ದಕ್ಕೆಲ್ಲ ಆ ತಂಬಿಗೆಯೇ ಮೂಲ. ಆದರೆ ಅದಕ್ಕೂ ಮೊದಲಿನದನ್ನು ಹೇಳಬೇಕು.

ಜೇವರ್ಗಿಯಲ್ಲಿ ವಿಜಯಪುರದ ರಸ್ತೆಗೆ ಮುಖಮಾಡಿ ನನ್ನದೊಂದು ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇದೆ. ಒಂದು ದಿನ ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ಐದಾರು ವರ್ಷದ ಒಂದು ಹುಡುಗಿ ಕುಳಿತಿದ್ದಳು. ಜೊತೆಗಿದ್ದವರು ಚಹಾ ಕುಡಿಯಲು ಹೋಗಿರಬೇಕೆಂದುಕೊಂಡೆ. ಆಡಲಿ ಎಂದು ಒಂದು ಸಣ್ಣ ಬೇರಿಂಗ್ ಕೊಟ್ಟೆ. ಅವಳು ಅದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ಕುಳಿತಳು. ನೆರಳು ಕಟ್ಟೆಯಿಂದ ಇಳಿದು ಗಟಾರದವರೆಗೆ ಸರಿಯಿತು. ಯಾರೂ ಬರಲಿಲ್ಲ. ಮಕ್ಕಳ ಸಹಾಯವಾಣಿಗೆ ಫೋನು ಮಾಡಿದೆ.

ಬಂದ ಹೆಣ್ಣುಮಗಳು ಏನು ನೋಡಿದಿರಿ ಎಂದು ಕೇಳಿದಳು. "ಯಾರೋ ಬಿಟ್ಟು ಹೋಗ್ಯಾರ್ರಿ" ಎಂದು ಶುರುಮಾಡಿದೆ.

"ಬಿಟ್ಟು ಹೋಗಿದ್ದು ನೋಡೀರೇನ್ರಿ?"

"ಇಲ್ರಿ."

"ಹಂಗಾರ ನೋಡಿದ್ದಷ್ಟೇ ಹೇಳ್ರಿ ಅಣ್ಣಾರ. ಊಹಾ ಬ್ಯಾಡ."

ನೋಡಿದ್ದಷ್ಟನ್ನೇ ಹೇಳಿದೆ. ಅಂದಿನಿಂದ ಅದೇ ರೂಢಿಯಾಗಿದೆ. ಹುಡುಗಿ ಬೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡೇ ಜೀಪು ಹತ್ತಿದಳು. ಅವಳ ಮನೆಯವರು ಸಿಕ್ಕರು, ಅವಳು ಸುಖವಾಗಿ ಮನೆ ಸೇರಿದಳು ಎಂದು ಆಮೇಲೆ ತಿಳಿಯಿತು. ಒಳ್ಳೆಯ ಸುದ್ದಿಯೇ. ಆದರೂ ಎಷ್ಟೋ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ನಟ್ಟು ಕೇಳಿದವರಿಗೆ ಬೋಲ್ಟು ಕೊಡುತ್ತಿದ್ದೆ. ಕಟ್ಟೆಯ ಮೇಲೆ ಗಿರಾಕಿ ಕುಳಿತರೂ ಎದ್ದು ಹೋಗಿ ನೋಡುತ್ತಿದ್ದೆ.

ನಮಗೆ ಮಕ್ಕಳಿಲ್ಲ. ಆ ವಿಷಯದಲ್ಲಿ ಬರೆಯುವುದು ಇಷ್ಟೇ.

ನನ್ನ ಅವಸ್ಥೆಯನ್ನು ನೋಡುತ್ತಲೇ ಇದ್ದ ಹೆಂಡತಿ ಸಹಾಯವಾಣಿಯ ಆ ಹೆಣ್ಣುಮಗಳನ್ನೇ ಹುಡುಕಿಕೊಂಡು ಹೋಗಿ ಮಾತಾಡಿ ಬಂದಳು. ಪೋಷಕತ್ವ ಎಂಬ ಒಂದು ವ್ಯವಸ್ಥೆ ಇದೆಯಂತೆ. ತನ್ನವರ ಬಳಿ ಸದ್ಯಕ್ಕೆ ಇರಲಾಗದ ಮಗುವನ್ನು ಇನ್ನೊಂದು ಮನೆಯವರು ಇಟ್ಟುಕೊಂಡು ಸಾಕುವುದು. ತನ್ನವರು ಸುಧಾರಿಸಿಕೊಂಡರೆ ಮಗು ಅವರ ಬಳಿಗೆ ಹೋಗುತ್ತದೆ. ದೊಡ್ಡ ಶಹರಗಳಲ್ಲಿ ಇದು ಗೊತ್ತಿರುವ ಮಾತಿರಬಹುದು. ನಮ್ಮ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಅಫಜಲಪುರದಲ್ಲಿರುವ ಹೆಂಡತಿಯ ಅಕ್ಕ ಫೋನಿನಲ್ಲಿ ದನಿ ಏರಿಸಿದ್ದು ನನಗೂ ಕೇಳಿಸಿತು.

"ಸಾಕಬೇಕಂದ್ರ ದತ್ತಕ ತಗೋರಿ. ಇದೇನಬೇ ಇದು, ಬಾಡಿಗಿ ಕೂಸು?"

"ಬಾಡಿಗಿ ಯಾರು ಕೊಡ್ತಾರಕ್ಕಾ? ಅಡಗಿ ಮಾಡಿ ಹಾಕಾಕಿನೂ ನಾನೇ, ಜಡಿ ಹೆಣಿಯಾಕಿನೂ ನಾನೇ" ಎಂದು ಇವಳು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನಗಳಾಗಿದ್ದವು.

ಕಲಬುರಗಿಗೆ ಬಸ್ಸು ಹತ್ತಿ ಇಳಿದು, ಪೊಲೀಸರ ವಿಚಾರಣೆ, ಡಾಕ್ಟರರ ತಪಾಸಣೆ ಎಲ್ಲ ಮುಗಿಸಿದೆವು. ಒಂದು ದಿನದ ತರಬೇತಿಯೂ ಆಯಿತು. ಅಲ್ಲಿ ಮಾತಾಡಿದವರು ಹೇಳಿದ ಒಂದು ಮಾತನ್ನು ಇಬ್ಬರೂ ಮನೆಗೆ ಹೊತ್ತು ತಂದೆವು. ಮಗು ಬಂದ ಕೂಡಲೆ ಅಪ್ಪ, ಅವ್ವ ಅನ್ನು ಎಂದು ಹಟಹಿಡಿಯಬೇಡಿ, ಅದಕ್ಕೆ ಏನು ಬಾಯಿಗೆ ಬರುತ್ತದೋ ಅದನ್ನೇ ಅನ್ನಲಿ. ಇನ್ನು ಉಳಿದದ್ದು ಮನೆಯ ಪರಿಶೀಲನೆ; ಅದಕ್ಕೆ ಮಕ್ಕಳ ರಕ್ಷಣಾ ಘಟಕದ ಮೇಡಂ ಬರುವವರಿದ್ದರು. ಮಗುವಿಗೆ ಮಲಗಲು ಸರಿಯಾದ ಜಾಗ ಬೇಕಿತ್ತು. ಇದ್ದ ಒಂದು ಕೋಣೆಯ ತುಂಬ ಆಳಂದದ ಕಡೆ ಕಿಣ್ಣಿ ಸುಲ್ತಾನದಲ್ಲಿರುವ ಅವ್ವನ ಹೊಲದಿಂದ ಬಂದ ತೊಗರಿ ಚೀಲಗಳು. ಅವನ್ನು ಪಡಸಾಲೆಗೆ ತಂದು ಒಟ್ಟಿ, ಕೋಣೆಗೆ ಸುಣ್ಣ ಹೊಡೆಸಿ, ಮಂಚ ಹಾಕಿ, ಮೇಡಂ ದಾರಿ ಕಾದೆವು.

ಅವ್ವ ಚುರುಮುರಿ ನೆನೆಸಿ ಸುಸಲಾ ಮಾಡಿದ್ದಳು, ಮೆಣಸಿನಕಾಯಿ ಬಜಿ ಕರಿದಿದ್ದಳು, ಶಿರಾ ತಿರುವಿದ್ದಳು. ಮೇಡಂ ಯಾವುದನ್ನೂ ಮುಟ್ಟಲಿಲ್ಲ. ಕೋಣೆ ನೋಡಿದರು, ಪಾಯಖಾನೆ ನೋಡಿದರು, ಕಿಟಕಿಯನ್ನು ನೂಕಿ ತೆರೆದು ನೋಡಿದರು, ನಮ್ಮನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿದರು. ನಗುಮೊಗದವರೇ. ಆದರೆ ಚಹಾ ಕೂಡ ಬೇಡವೆಂದು ತಮ್ಮ ಬಾಟಲಿಯನ್ನು ಚೀಲಕ್ಕೆ ಸೇರಿಸಿ ಎದ್ದು ಹೋದರು.

"ಆಗಂಗಿಲ್ಲಪ್ಪಾ" ಎಂದಳು ಅವ್ವ, ಗೇಟು ಮುಚ್ಚಿದ ಮೇಲೆ. "ಪಸಂದ್ ಬಂದಿಲ್ಲ ಆಕಿಗಿ ನಮ್ಮ ಮನಿ."

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಬಾಯಿಬಿಟ್ಟು ಬೇಡ ಅನ್ನುವುದಿಲ್ಲ. ಮನಸ್ಸಿದ್ದರೆ ಮುಂದಿಟ್ಟ ಸಿಹಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಮನಸ್ಸಿಲ್ಲದವರು ಏನೋ ನೆಪ ಹೇಳಿ, ಏನೂ ಮುಟ್ಟದೆ ಏಳುತ್ತಾರೆ. ಹೆಣ್ಣಿನವರೂ ಮತ್ತೆ ಕೇಳಲು ಹೋಗುವುದಿಲ್ಲ. ಅವ್ವ ಇಂಥ ತಟ್ಟೆಗಳನ್ನು ತನ್ನ ಜೀವನದಲ್ಲಿ ಬಹಳ ನೋಡಿದವಳು. ಅಧಿಕಾರಿಗಳ ರೀತಿ ಬೇರೆ ಎಂದು ನಾವು ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ನಾನೂ, ನಿಜ ಹೇಳಬೇಕೆಂದರೆ, ಆ ಸಂಜೆ ಶಿರಾವನ್ನು ತಾಟಿನಲ್ಲೇ ಬಿಟ್ಟೆ.

ಮುಂದಿನ ವಾರ ನಾವಿಬ್ಬರೂ ಅಫಜಲಪುರಕ್ಕೆ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿ ತಿರುಗಿ ಬಂದಾಗ ಪಡಸಾಲೆ ಖಾಲಿಯಾಗಿತ್ತು. ಅವ್ವ ಓಣಿಯ ಇಬ್ಬರು ಹಮಾಲರನ್ನು ಕರೆಸಿ, ಮಂಚವನ್ನು ಗೋಡೆಗೆ ನಿಲ್ಲಿಸಿ, ತೊಗರಿಯನ್ನೆಲ್ಲ ಕೋಣೆಗೆ ತುಂಬಿಸಿಬಿಟ್ಟಿದ್ದಳು.

"ಮಳಿ ಬಂದ್ರ ಪಡಸಾಲ್ಯಾಗ ತೊಗರಿ ನೆನೀತದ. ಬರಲಾರದ ಕೂಸಿಗಿ ಕೋಣಿ ಯಾಕ?" ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಅವಳ ಕಣ್ಣು ಕೆಂಪಾಗಿತ್ತು. ರವಿವಾರ ತೆಗೆದರಾಯಿತು ಎಂದುಕೊಂಡೆವು.

ಮರುದಿನವೇ ಅಂಗಡಿಗೆ ಹೆಂಡತಿಯ ಫೋನು. "ಏನ್ರಿ, ಮೇಡಂ ಬಂದಾರ. ಹೇಳಲಾರ್ದ ಬಂದಾರ. ಜಲ್ದಿ ಬರ್ರಿ."

ನಾನು ಹೋದಾಗ ಮೇಡಂ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಅಣ್ಣಾರ, ಇದು ಕೂಸಿನ ಕೋಣಿ ಅಂದಿದ್ರಿ."

ಹೆಂಡತಿ ನನ್ನ ಮುಖ ನೋಡಿದಳು. ತೊಗರಿ ಈಗಷ್ಟೇ ಬಂದಿದೆ, ಸಂಜೆಗೆ ತೆಗೆಸುತ್ತೇವೆ ಎನ್ನಬಹುದಿತ್ತು. ಬಾಯಿಯವರೆಗೆ ಬಂದೂ ಇತ್ತು. ಇಷ್ಟು ದಿನ ಕಾದದ್ದೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ ಅನ್ನಿಸಿತು. ಆದದ್ದನ್ನೇ ಹೇಳಿದೆ: ನೀವು ನೀರು ಮುಟ್ಟದೆ ಹೋದಿರಿ, ನಮ್ಮ ಅವ್ವ ಅದನ್ನು ಬೇಡ ಎಂದು ತಿಳಿದಳು, ಚೀಲಗಳನ್ನು ಒಳಗೆ ಹಾಕಿಸಿದಳು.

ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಹೌದ್ರಿ. ನಾನೇ ಹಾಕ್ಸೇನಿ. ಇವರದೇನೂ ತಪ್ಪಿಲ್ಲ."

"ಅಮ್ಮಾ, ನಾನೇನು ಹೆಣ್ಣು ನೋಡಾಕ ಬಂದಿದ್ನೇನ್ರಿ?"

"ಮತ್ತ? ಹುಡುಗಿ ಬರ್ತಾಳ ಅಂದ್ರಿ. ಆಕಿ ಸಲುವಾಗಿ ಮನಿ ನೋಡಾಕ ಬಂದ್ರಿ. ಮೂಲಿ ಮೂಲಿ ನೋಡಿದ್ರಿ. ನೀರು ಸುದ್ದಾ ಮುಟ್ಟಲಾರ್ದ ಎದ್ದು ಹೋದ್ರಿ. ಇದಕ್ಕ ಏನಂತ ತಿಳ್ಕೋಬೇಕ್ರಿ ನಾ?"

ಮೇಡಂ ನಗತೊಡಗಿದರು. ನಿಂತು ನಗಲಾರದೆ ಬಾಗಿಲ ಬಳಿಯ ತೊಗರಿ ಚೀಲದ ಮೇಲೆ ಕುಳಿತುಬಿಟ್ಟರು. ಅವ್ವ ಮೊದಲು ಮುಖ ಗಂಟುಹಾಕಿಕೊಂಡೇ ಇದ್ದಳು. ಆಮೇಲೆ ಅವಳೂ ಬಾಯಿಗೆ ಸೆರಗು ಹಿಡಿದಳು.

"ಯಾರ ಮನಿ ನೋಡಾಕ ಹೋದ್ರೂ ಒಂದು ಗುಟುಕು ತಗೊಳಂಗಿಲ್ರಿ ಅಮ್ಮಾ" ಎಂದರು ಮೇಡಂ, ಕಣ್ಣೊರೆಸಿಕೊಂಡು. "ಒಬ್ಬರ ಮನ್ಯಾಗ ಹೋಳಿಗಿ ಉಂಡು, ಇನ್ನೊಬ್ಬರ ಮನ್ಯಾಗ ಬರೇ ನೀರು ಕುಡದು ಬಂದ್ರ, ನನ್ನ ಮನಸು ಯಾವ ಕಡಿ ವಾಲ್ತದೋ ನನಗೇ ಗೊತ್ತಾಗಂಗಿಲ್ಲ. ನಾನೇ ಹಾಕ್ಕೊಂಡ ನೇಮ ಇದು. ಕೂಸು ಬಂದು ಈ ಮನ್ಯಾಗ ಕುಂತ ಮ್ಯಾಲ ನೋಡೋಣು."

"ಅಲ್ಲಿತನಕ ಆ ಬಾಟ್ಲಿ ನೀರೇ?"

"ಅಲ್ಲಿತನಕ ಬಾಟ್ಲಿನೇ."

ಹಮಾಲರಿಗಾಗಿ ಕಾಯಲಿಲ್ಲ. ನಾನೂ ಹೆಂಡತಿಯೂ ಅಲ್ಲೇ ಚೀಲ ಎಳೆಯಲು ಹತ್ತಿದೆವು. ಒಂದು ಚೀಲ ಹೊಸ್ತಿಲಿಗೆ ಸಿಕ್ಕಿಕೊಂಡಾಗ ಮೇಡಂ ತಾವೇ ಒಂದು ತುದಿ ಹಿಡಿದರು. ಅವರ ಸೀರೆಯ ನೆರಿಗೆಯ ತುಂಬ ತೊಗರಿಯ ಧೂಳಾಯಿತು. ಅವ್ವ ಅದನ್ನು ಕೈಯಿಂದ ಝಾಡಿಸುತ್ತ, "ನೀರು ಬ್ಯಾಡ, ಧೂಳು ನಡೀತದ" ಎಂದಳು.

ಮಕ್ಕಳ ಕಲ್ಯಾಣ ಸಮಿತಿಯ ಒಪ್ಪಿಗೆ ಬಂತು. ಕಲಬುರಗಿಯ ಬಾಲಮಂದಿರಕ್ಕೆ ಹೋಗಿ ಕೆಲವು ಸಲ ಭೇಟಿಯಾದ ಮೇಲೆ, ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ನಮ್ಮ ಜೊತೆ ಬಸ್ಸು ಹತ್ತಿದಳು. ಅವಳು ಯಾರು, ಯಾಕೆ ಬರಬೇಕಾಯಿತು ಎಂಬುದು ಅವಳ ಸಂಗತಿ. ಇಲ್ಲಿ ಬರೆಯುವುದಿಲ್ಲ. ಭೀಮೆಯ ಸೇತುವೆ ಬಂದಾಗ ಕಿಟಕಿಗೆ ಮೂಗು ಒತ್ತಿ ನೋಡಿದಳು. ಅಷ್ಟು ನಾನು ನೋಡಿದ್ದೇನೆ.

ಹುಡುಗಿ ನಮ್ಮನ್ನು ಏನೂ ಅನ್ನುತ್ತಿರಲಿಲ್ಲ. ಬರೀ 'ರೀ'. ಏನೇ ಬೇಕಿದ್ದರೂ ಕೇಳಿಯೇ ತೆಗೆದುಕೊಳ್ಳುತ್ತಿದ್ದಳು. ನೀರಡಿಸಿದರೆ ಕೊಡದ ಮುಂದೆ ನಿಂತು, "ನೀರು ಕುಡೀಲೇನ್ರಿ?" ಎನ್ನುತ್ತಿದ್ದಳು. ಯಾರಾದರೂ ಹೂಂ ಅನ್ನುವವರೆಗೆ ಕಾಯುತ್ತಿದ್ದಳು. "ಕೇಳಬ್ಯಾಡ ಬೇ, ಕೊಡ ಅಲ್ಲೇ ಅದ" ಎಂದು ಅವ್ವ ದಿನವೂ ಹೇಳುತ್ತಿದ್ದಳು. ಒಂದು ದಿನ ಅವ್ವ ನಗುತ್ತ, ಆದರೆ ದನಿ ತಗ್ಗಿಸಿ ನನ್ನ ಬಳಿ ಬಂದಳು. "ಮನ್ಯಾಗ ಯಾರೂ ಇದ್ದಿದ್ದಿಲ್ಲ. ನಾ ಹೊರಗಿಂದ ಬಂದು ನೋಡ್ತೇನಿ, ಗೋಡಿಗಿ ಕೇಳಾಕತ್ತಾಳಪ್ಪಾ ಹುಡುಗಿ, ನೀರು ಕುಡೀಲೇನಂತ!"

ಅದು ನನ್ನನ್ನು ಬಹಳ ದಿನ ಕಾಡಿತು. ಇದು ಅವಳಿಗೆ ಇನ್ನೂ ಪರರ ಮನೆಯೇ. ಕೆಲವು ತಿಂಗಳಾದ ಮೇಲೆ ಮೇಡಂ ಬಂದು, ಇಲ್ಲೇ ಇರುತ್ತೀಯಾ ಎಂದು ಅವಳೊಬ್ಬಳನ್ನೇ ಕೇಳುವವರಿದ್ದರು. ಅವಳು ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು.

ನಡುವೆ ಒಂದು ಸಂಜೆ ಅಡುಗೆಮನೆಯಿಂದ ಟಪಟಪ ಸಪ್ಪಳ ಕೇಳಿಸಿತು. ಅವ್ವ ರೊಟ್ಟಿ ಬಡಿಯುವುದರ ಪರಿಚಯ ನನಗಿದೆ. ಇದು ಬೇರೆ ಕೈ. ಇಣುಕಿದೆ. ಹುಡುಗಿಯ ಮುಂದೆ ಒಂದು ಕಡೆ ಚಾಚಿಕೊಂಡು ಇನ್ನೊಂದು ಕಡೆ ಹರಿದ ರೊಟ್ಟಿ ಇತ್ತು. ಮೊಣಕೈಯವರೆಗೆ ಹಿಟ್ಟು.

"ಇದು ರೊಟ್ಟಿ ಅಲ್ಲ ಬೇ, ಜೇವರ್ಗಿ ತಾಲೂಕಿನ ನಕಾಶಿ" ಎಂದಳು ಅವ್ವ.

ಹುಡುಗಿ ಗಂಭೀರವಾಗಿ ರೊಟ್ಟಿಯನ್ನೇ ನೋಡಿ, "ಹಂಗಾರ ನಿಮ್ಮೂರು ಇದರಾಗ ಎಲ್ಲದ ತೋರಸ್ರಿ ಆಯಿ" ಎಂದಳು.

"ನಮ್ಮೂರು ಆಳಂದ ತಾಲೂಕು. ಅದಕ್ಕ ಇನ್ನೊಂದು ರೊಟ್ಟಿ ಬಡೀಬೇಕು."

ಇಬ್ಬರೂ ನಕ್ಕರು. ಹುಡುಗಿ ಮೊದಲ ಸಲ ಅವ್ವನನ್ನು ಆಯಿ, ಅಂದರೆ ಅಜ್ಜಿ, ಎಂದದ್ದನ್ನು ಹೆಂಡತಿಯೂ ಕೇಳಿಸಿಕೊಂಡಿದ್ದಳು. ಅವಳು ಪಡಸಾಲೆಯಲ್ಲಿ ಬಟ್ಟೆ ಮಡಚುತ್ತಿದ್ದವಳು ಮಡಚಿದ ಲಂಗವನ್ನೇ ಬಿಚ್ಚಿ ಮತ್ತೆ ಮಡಚಿದಳು. ಊಟಕ್ಕೆ ಆ ನಕಾಶಿ ನನ್ನ ತಾಟಿಗೆ ಬಂತು. ಇಡೀ ತಾಲೂಕನ್ನು ಉಂಡೆ.

ಮೇಡಂ ಬರುವ ದಿನ ಅವ್ವ ಬೆಳಿಗ್ಗೆಯೇ ಸಾರಿಬಿಟ್ಟಳು. "ನಾ ಈ ಸಲ ಕೇಳಂಗಿಲ್ಲ. ಎರಡು ಸಲ ಬ್ಯಾಡ ಅನಿಸಿಕೊಂಡೇನಿ. ಆಕಿ ಬಾಟ್ಲಿ ಆಕಿಗೇ ಇರ್ಲಿ." ಮೇಡಂ ಗೇಟು ತೆರೆದ ಸಪ್ಪಳವಾದದ್ದೇ ತಡ, ಅಡುಗೆಮನೆಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ಕುಳಿತಳು.

ಮೇಡಂ ಕುರ್ಚಿಯಲ್ಲಿ ಕುಳಿತರು. ಬಿಸಿಲಲ್ಲಿ ಬಂದಿದ್ದರು, ಮುಖ ಬೆವೆತಿತ್ತು. ಚೀಲದ ಜಿಪ್ಪು ಎಳೆದು ಬಾಟಲಿಗೆ ಕೈ ಹಾಕಿದರು. ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಡುಗೆಮನೆಯ ಕಡೆ ತಿರುಗಿ ನೋಡಿದಳು, ಅವ್ವನ ಬೆನ್ನು ಕಂಡಿರಬೇಕು. ಒಳಗೆ ಹೋದಳು. ಕೊಡದಲ್ಲಿ ತಂಬಿಗೆ ಮುಳುಗಿದ ಸಪ್ಪಳ ಕೇಳಿಸಿತು. ಯಾರನ್ನೂ ಕೇಳಲಿಲ್ಲ. ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ತುಳುಕದಂತೆ ಕಾಲು ನೋಡಿಕೊಂಡು ಬಂದು ಮೇಡಂ ಮುಂದೆ ನಿಂತಳು.

"ತಗೋರಿ. ನಮ್ಮ ಮನ್ಯಾಗ ನೀರು ಕುಡೀಲಾರ್ದ ಯಾರೂ ಹೋಗಂಗಿಲ್ರಿ."

ಮೇಡಂ ಅವಳನ್ನು ನೋಡಿದರು, ನಮ್ಮನ್ನೂ ನೋಡಿದರು. ಬಾಟಲಿಯನ್ನು ಚೀಲಕ್ಕೆ ಹಾಕಿ, ತಂಬಿಗೆ ಎತ್ತಿ ಕುಡಿದರು. ಅರ್ಧಕ್ಕೆ ನಿಲ್ಲಿಸಲಿಲ್ಲ. ಹೆಂಡತಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

ಆಮೇಲೆ ಹುಡುಗಿಯನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿಕೊಂಡು ಮೇಡಂ ಕೇಳಬೇಕಾದ್ದನ್ನು ಕೇಳಿದರು. ಒಳಗಿನ ಮಾತು ನಮಗೆ ಕೇಳಿಸಲಿಲ್ಲ. ಹೊರಗೆ ಬಂದು, "ಇರ್ತಾಳಂತ್ರಿ" ಎಂದಷ್ಟೇ ಹೇಳಿದರು. ಅವಳ ಕಡೆಯವರು ಆಗಾಗ ಭೇಟಿಗೆ ಬರುತ್ತಾರೆ ಎಂಬುದನ್ನೂ, ಒಂದು ದಿನ ಅವರ ಬಳಿಗೆ ಹೋಗಬೇಕಾಗಬಹುದು ಎಂಬುದನ್ನೂ ನೆನಪಿಸಿದರು. ಅದು ನಮಗೆ ಗೊತ್ತಿತ್ತು. ಆ ದಿನ ಬಂದರೆ ಅವಳು ನಮ್ಮ ಬಳಿಗೂ ಭೇಟಿಗೆ ಬರಲಿ ಎಂದು ಕೇಳಿಕೊಳ್ಳುತ್ತೇವೆ ಎಂದಳು ನನ್ನ ಹೆಂಡತಿ.

ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವನ ದನಿ ಬಂತು. ತಿರುಗಿ ನೋಡದೆಯೇ ಕೇಳುತ್ತಿದ್ದಳು.

"ಕುಡದ್ಲೇನಬೇ?"

"ಕುಡದ್ರಾಯಿ" ಎಂದು ಹುಡುಗಿ ಖಾಲಿ ತಂಬಿಗೆ ಹಿಡಿದು ಒಳಗೆ ಓಡಿದಳು. "ಶಿರಾ ಮಾಡಿರೇನಂತ ಕೇಳಾಕತ್ತಾರ."