ಲೈನ್ ಮುಟ್ಟಿದ್ರೆ ಒಳಗೇ

ಮಾವನ ಕೈ ಮೊಣಕೈವರೆಗೆ ನೀಲಿ. ಮೈಲುತುತ್ತದ ನೀಲಿ. ಮಳೆಗಾಲದ ಮುಂಚೆ ಕಾಫಿ ಗಿಡಕ್ಕೆ ಹೊಡೆಯುವ ಔಷಧಿಯನ್ನು ಡ್ರಮ್ಮಿನಲ್ಲಿ ಸುಣ್ಣದ ಜೊತೆ ಕದಡುವ ಕೆಲಸ ಅವರದು. ಪಕ್ಕದಲ್ಲಿ ಕೋಲಿದ್ದರೂ ಕೈ ಹಾಕಿಯೇ ಕದಡುತ್ತಿದ್ದರು, ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ಎಷ್ಟು ಉಜ್ಜಿದರೂ ಉಗುರಿನ ಸುತ್ತಲಿನ ಬಣ್ಣ ಹೋಗುತ್ತಿರಲಿಲ್ಲ. ಶ್ರೀಕೃಷ್ಣ ಇವರ ಮೈಮೇಲೆ ಬರಲು ಹೊರಟು ಮೊಣಕೈ ತಲುಪುವಷ್ಟರಲ್ಲಿ ಸುಸ್ತಾದ ಎಂದು ಊರೆಲ್ಲ ಸುದ್ದಿ ಹಬ್ಬಿಸಿದವನು ನಾನೇ.

ಮಾವ ಎಂದರೆ ರಕ್ತಸಂಬಂಧವೇನಲ್ಲ. ಸಂಸೆ ಕಡೆಯ ಒಂದು ಎಸ್ಟೇಟಿನಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ನಮ್ಮದು ಎರಡನೆಯದು, ಅವರದು ಕಟ್ಟಕಡೆಯದು. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ.

ಇಂಗ್ಲಿಷಿನಲ್ಲಿ ಅವರಿಗೆ ಚೆನ್ನಾಗಿ ಒಗ್ಗಿದ್ದು ಲೈನ್ ಎಂಬ ಒಂದೇ ಪದ. ಅದೊಂದರಲ್ಲೇ ಜೀವನ ಸಾಗಿಸಿದರು. ವಾಸ ಲೈನಿನಲ್ಲಿ. ಔಷಧಿ ಕಾಲ ಮುಗಿದರೆ ಹೊಸ ತೋಟಕ್ಕೆ ಲೈನ್ ಹಾಕುವ ಕೆಲಸ, ಅಂದರೆ ಗುಡ್ಡದ ಮೇಲೆ ಹಗ್ಗ ಎಳೆದು ಗಿಡ ಬರುವ ಕಡೆಯೆಲ್ಲ ಗೂಟ ಹೊಡೆಯುವುದು. ಬೇಸಿಗೆಯಲ್ಲಿ ವಾಲಿಬಾಲ್ ಶುರುವಾದರೆ, ಉಳಿದ ಸುಣ್ಣದಲ್ಲಿ ಕೋರ್ಟಿಗೆ ಲೈನ್ ಎಳೆಯುವವರೂ ಅವರೇ. ದೂರದೂರಿಗೆ ಕೊಟ್ಟ ಮಗಳ ಜೊತೆ ಮಾತಾಡಲು ಕಳಸದ ಎಸ್‌ಟಿಡಿ ಬೂತಿಗೆ ಹೋದರೆ, ಹೊರಗೆ ಜನರ ಲೈನ್ ಕರಗುತ್ತಿರಲಿಲ್ಲ, ಒಳಗೆ ಫೋನಿಗೆ ಲೈನ್ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಲೈನ್ ಬಸ್ಸು ಹೊರಟುಹೋಗಿರುತ್ತಿತ್ತು. ನಡೆದು ಮನೆ ಮುಟ್ಟಿದರೆ ಗಾಳಿಗೆ ಮರ ಬಿದ್ದು ಕರೆಂಟ್ ಲೈನೂ ಕಟ್! ಮಾವ ಬೇಸರಪಡುತ್ತಿರಲಿಲ್ಲ. ಆ ಪದಕ್ಕೆ ಇನ್ನೇನಾದರೂ ಅರ್ಥ ಬಾಕಿ ಇದೆಯಾ ಎಂದು ನನ್ನನ್ನು ಕೇಳುತ್ತಿದ್ದರು.

ಇನ್ನೊಂದು ಅರ್ಥ ನನ್ನ ಸುಪರ್ದಿಯಲ್ಲಿತ್ತು. ಅದು ಅವರಿಗೆ ತಿಳಿದದ್ದು ಲೈನ್ ಹಾಕಲು ನನ್ನನ್ನು ಮೊದಲ ಸಲ ಕರೆದುಕೊಂಡು ಹೋದ ದಿನ. ಹಗ್ಗದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ನನ್ನ ಕಣ್ಣು ಮಾತ್ರ ಆಚೆ ಲೈನಿನ ಹುಡುಗಿಯ ಮೇಲೆ. ನಾನು ಹೊಡೆದ ಗೂಟಗಳ ಸಾಲು ಸಂಸೆ ಕಡೆಗೆ ಹೊರಟು, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ, ಕಳಸದ ಕಡೆ ತಿರುಗಿತ್ತು.

“ಇದೆಂತ ಮಾರಾಯ, ಹಾವು ಹೋದಂಗೆ?”

“ಗುಡ್ಡ ಓರೆ ಉಂಟಲ್ಲ ಮಾವ.”

“ಗುಡ್ಡ ನಮ್ಮಜ್ಜನ ಕಾಲದಿಂದ್ಲೂ ಓರೆನೇ. ಗುಡ್ಡ ನೋಡ್ಬೇಡ, ಹಗ್ಗ ನೋಡು. ಅಲ್ಲಿ ಲೈನ್ ಹೊಡಿಯೋವಾಗ ಮಾತ್ರ ಕಣ್ಣು ನೆಟ್ಟಗಿರ್ತದೆ ನಿಂದು.”

ಎಲ್ಲ ಗೂಟವನ್ನೂ ಕೀಳಿಸಿದರು. “ಗೂಟ ಇವತ್ತೇ ಕೀಳ್ಬಹುದು. ಗಿಡ ನೆಟ್ಮೇಲೆ ಐವತ್ತು ವರ್ಷ ಅಲ್ಲೇ ನಿಂತು ನಿನ್ನ ಮರ್ಯಾದೆ ತೆಗೀತದೆ” ಎಂದರು. ಆ ಹುಡುಗಿ ನಕ್ಕಳು. ನನ್ನ ಮರ್ಯಾದೆಗೆ ಐವತ್ತು ವರ್ಷ ಕಾಯುವ ಅಗತ್ಯ ಬೀಳಲಿಲ್ಲ.

ನಮ್ಮ ಧಣಿಗಳಿಗೆ ವಾಲಿಬಾಲಿನ ಹುಚ್ಚು. ಹೊಳೆಯಾಚೆ ಎಸ್ಟೇಟಿನವರು ಪ್ರತಿ ವರ್ಷ ಕಪ್ ಹೊತ್ತುಕೊಂಡು ಹೋಗುವುದನ್ನು ನೋಡಿ ನೋಡಿ ಅವರಿಗೆ ಊಟ ಸೇರುತ್ತಿರಲಿಲ್ಲ. ಆ ಸಲ ಆಟಕ್ಕೆ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, “ಕಪ್ ತನ್ನಿ, ಮಳೆಗಾಲದೊಳಗೆ ಲೈನಿಗೆ ಹೊಸ ಶೀಟ್ ಹಾಕಿಸ್ತೀನಿ” ಎಂದುಬಿಟ್ಟರು. ಲೈನಿನ ಅರ್ಧಕ್ಕರ್ಧ ಮನೆಗಳು ಸೋರುತ್ತಿದ್ದವು. ಎಲ್ಲಕ್ಕಿಂತ ಜಾಸ್ತಿ ಸೋರುತ್ತಿದ್ದದ್ದು ಮಾವನ ಮನೆ. ಅತ್ತೆ ಪಾತ್ರೆಗಳನ್ನು ಸೋರುವ ಜಾಗಕ್ಕಿಟ್ಟು, ಉಳಿದದ್ದರಲ್ಲಿ ಅಡಿಗೆ ಮಾಡುತ್ತಿದ್ದರು.

ನಮ್ಮ ಕಡೆ ಎರಡು ತಂಡದವರೂ ಒಬ್ಬೊಬ್ಬ ಲೈನ್ ಅಂಪೈರನ್ನು ಕೊಡುವ ಪದ್ಧತಿ. ಚೆಂಡು ಲೈನಿನ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಬಾವುಟದಲ್ಲಿ ತೋರಿಸುವುದು ಅವರ ಕೆಲಸ. ತಮ್ಮವರ ಪರ ತೋರಿಸಲೆಂದೇ ಅವರನ್ನು ಕೊಡುವುದು ಎಂಬುದು ಕೂಸಿಗೂ ಗೊತ್ತು. ಹೊಳೆಯಾಚೆಯ ಅಂಪೈರ್ ಅಂತೂ ನಮ್ಮ ನಾಲ್ಕು ಪಾಯಿಂಟನ್ನು ನಗುನಗುತ್ತಲೇ ನುಂಗಿದ್ದ. ನಮ್ಮ ಅಂಪೈರ್ ಮಾವ.

ಫೈನಲ್ಲಿನ ಕೊನೆಯ ಸೆಟ್. ಅವರು ಗೆಲ್ಲಲು ಒಂದೇ ಪಾಯಿಂಟ್ ಬೇಕು. ಅವರ ಕ್ಯಾಪ್ಟನ್, ಆರಡಿ ಆಳು, ಹಾರಿ ಹೊಡೆದ. ಚೆಂಡು ನನ್ನ ಮೂಲೆಗೇ ಬರುತ್ತಿತ್ತು. ನಾನು ವಿಮಾನ ಕಂಡ ಕೋಳಿಯ ಹಾಗೆ ತಲೆಯೆತ್ತಿ ನೋಡಿ, “ಬಿಡ್ರೋ, ಔಟ್!” ಎಂದು ಕೂಗಿ, ಎದೆಯ ಮೇಲೆ ಕೈ ಕಟ್ಟಿಕೊಂಡು ಠೀವಿಯಿಂದ ನಿಂತೆ. ಚೆಂಡು ನನ್ನ ಹಿಂದೆ ಧೊಪ್ಪೆಂದಿತು.

ರೆಫ್ರಿಗೆ ಕಾಣಿಸಲಿಲ್ಲ. ಅವರು ಮಾವನ ಕಡೆ ನೋಡಿದರು. ಇಡೀ ಲೈನೇ ಮಾವನ ಕಡೆ ನೋಡಿತು. ಬಾವುಟ ಮೇಲೆತ್ತಿದರೆ ಔಟ್, ನಮಗೆ ಉಸಿರು. ಮಾವ ಬಾವುಟವನ್ನು ನೆಲಕ್ಕೆ ತೋರಿಸಿದರು. ಒಳಗೆ!

ನಾನು ಓಡಿದೆ. “ಮಾವ, ಲೈನಿಗೆ ಒಂಚೂರು ತಾಗಿದ್ದಷ್ಟೇ ಅಲ್ವಾ!”

“ಲೈನ್ ಮುಟ್ಟಿದ್ರೆ ಒಳಗೇ ಮಾರಾಯ.”

ವಾಪಸು ಬರುವ ಜೀಪಿನಲ್ಲಿ ಅವರ ಪಕ್ಕ ಯಾರೂ ಕೂರಲಿಲ್ಲ. “ನಿಮ್ಮನೆನೂ ಸೋರ್ತದಲ್ಲ ಮಾರಾಯ್ರೆ, ಅದಾದ್ರೂ ನೆನಪಾಗ್ಲಿಲ್ವಾ?” ಎಂದು ಡ್ರೈವರ್ ಕೂಡ ಹಂಗಿಸಿದ. ಮನೆಯಲ್ಲಿ ಅತ್ತೆ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಜೋಡಿಸಿದರು. ಲೈನಿನಲ್ಲಿ ಅವರ ಜೊತೆ ಮಾತು ನಿಂತುಹೋಯಿತು. ಚೆಂಡು ಬಿಟ್ಟ ನನ್ನನ್ನು ಯಾರೂ ಬಯ್ಯಲಿಲ್ಲ. ಇವನು ಬಿಡುವುದು ವಾಡಿಕೆ ಎಂದುಕೊಂಡರೋ ಏನೋ.

ಆ ವಾರವೇ ಮಾವ ನನ್ನನ್ನು ಕರೆದುಕೊಂಡು ಧಣಿಗಳ ಜಗಲಿಗೆ ಹೋದರು. ಧಣಿಗಳು ಪೇಪರಿನಿಂದ ಮುಖ ಎತ್ತಲಿಲ್ಲ.

“ಎಂತ ಬಂದಿ?”

“ಶೀಟ್ ವಿಷ್ಯ, ಧಣಿ.”

ಪೇಪರ್ ಕೆಳಗಿಳಿಯಿತು. “ಸೋಲಿಸಿದ್ದು ನೀನು. ಈಗ ಶೀಟ್ ಕೇಳೋಕೆ ಬಂದವನೂ ನೀನು!”

ನನ್ನ ಕಾಲು ಗೇಟಿನ ಕಡೆ ತಿರುಗಿತ್ತು. ಮಾವನ ಕಾಲು ತಿರುಗಿರಲಿಲ್ಲ.

“ಕಪ್ಪಿನ ಮಾತು ಮುಗೀತು ಧಣಿ. ಸೋತ್ವಿ. ಮಳೆ ನಾವು ಸೋತ್ವೋ ಗೆದ್ವೋ ಅಂತ ಕೇಳಲ್ವಲ್ಲ. ಬಾಲ್ ಒಳಗೇ ಬಿದ್ದಿತ್ತು. ಮಳೆನೂ ಒಳಗೇ ಬೀಳ್ತಾ ಉಂಟು. ಎರಡೂ ನೋಡಿದ್ದು ಇದೇ ಕಣ್ಣು.”

ಧಣಿಗಳು ಪೇಪರನ್ನು ನಾಲ್ಕು ಮಡಿಕೆ ಮಡಚಿದರು. ನಾನು ಉಸಿರು ಹಿಡಿದಿದ್ದೆ. ಹಿಡಿದದ್ದು ಇನ್ನೂ ಪೂರ್ತಿ ಬಿಟ್ಟಿಲ್ಲ ಅನಿಸುತ್ತದೆ. ಕಡೆಗೆ, “ಯಾವ್ಯಾವ ಮನೆ?” ಎಂದರು.

ಮಾವ ನೀಲಿ ಬೆರಳು ಮಡಚುತ್ತ ಒಂದೊಂದೇ ಮನೆ ಹೇಳತೊಡಗಿದರು. ಅವಕಾಶ ಬಿಡಬಾರದೆಂದು ನಾನೂ ಬಾಯಿ ಹಾಕಿದೆ. “ನಮ್ಮನೆನೂ ಧಣಿ! ಭಾರೀ ಸೋರ್ತದೆ!”

“ಇಲ್ಲ ಧಣಿ,” ಎಂದರು ಮಾವ ತಿರುಗಿಯೂ ನೋಡದೆ. “ಅವ್ರ ಮಾಡು ಗಟ್ಟಿ ಉಂಟು. ಸೋರೋದು ಇವನ ಬಾಯಿ ಮಾತ್ರ.”

ಧಣಿಗಳು ನಕ್ಕರು. ಪೇಪರ್ ಕೈಯಿಂದ ಜಾರುವಷ್ಟು ನಕ್ಕರು. ಮಳೆ ಹಿಡಿಯುವ ಮುಂಚೆ ಶೀಟ್ ಬಂತು. ನೋಡಿಕೊಂಡು ಬಾ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೂ ಕಳಿಸದೆ, ಮಾವ ಹೇಳಿದಷ್ಟು ಮನೆಗೂ ಬಂತು. ಮಾತು ಬಿಟ್ಟಿದ್ದವರೆಲ್ಲ ಏಣಿ ಹಿಡಿಯಲು ಅವರನ್ನೇ ಕರೆದರು. ನಮ್ಮ ಮನೆಗೆ ಮಾತ್ರ ಹಳೇ ಶೀಟೇ ಗತಿ. ಅಮ್ಮ ಎರಡು ದಿನ ಸಿಟ್ಟು ಮಾಡಿ, ಮೂರನೇ ದಿನ ಅವರಿಗೆ ಹಲಸಿನಕಾಯಿ ಪಲ್ಯ ಕಳಿಸಿದಳು. ತೆಗೆದುಕೊಂಡು ಹೋದವನು ನಾನೇ, ದಾರಿಯಲ್ಲಿ ಅರ್ಧ ತಿಂದವನೂ ನಾನೇ.

ಆಮೇಲಿನ ವರ್ಷಗಳಲ್ಲಿ ಪದ್ಧತಿಯೇ ಬದಲಾಯಿತು. ಎರಡು ಕಡೆಗೂ ಮಾವ ಒಬ್ಬರೇ ಸಾಕು ಎಂದು ಎರಡು ತಂಡದವರೂ ಹೇಳಿದರು. ದೂರದ ಆಲ್ದೂರಿನಿಂದಲೂ ಜೀಪು ಕಳಿಸಿ ಕರೆಸಿಕೊಂಡರು. ಹೊಳೆಯಾಚೆಯವರು ಮಾವನ ಬಾವುಟದಿಂದಲೇ ಎಷ್ಟೋ ಆಟ ಸೋತರು. ನಾನು ಆಟ ಬಿಟ್ಟೆ. ಆಟಕ್ಕೆ ಅದರಿಂದ ಒಳ್ಳೆಯದೇ ಆಯಿತು. ಹಗ್ಗ ಮಾತ್ರ ಬಿಡಲಿಲ್ಲ. ಇವತ್ತು ನಾಲ್ಕಾರು ಎಸ್ಟೇಟಿನವರು ಹೊಸ ತೋಟಕ್ಕೆ ಲೈನ್ ಹಾಕಲು ನನ್ನನ್ನೇ ಕರೆಯುತ್ತಾರೆ. ಆ ಅನ್ನ ಮಾವ ಕೊಟ್ಟದ್ದು.

ಒಂದು ಹಣ್ಣು ಕೊಯ್ಲಿನ ಕಾಲದಲ್ಲಿ, ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟ ಮಾವ ಮತ್ತೆ ಏಳಲಿಲ್ಲ. ಹೆಣ ಎತ್ತುವ ಹೊತ್ತಿಗೆ ಹೊಳೆಯಾಚೆಯ ತಂಡದವರು ಜೀಪಿನಲ್ಲಿ ಬಂದಿಳಿದರು. ಅವರಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಆ ಕ್ಯಾಪ್ಟನ್ನನ್ನು, “ನೀವೂ ಬಂದ್ರಾ?” ಎಂದು ಕೇಳಿದೆ.

“ಆ ಕಪ್ ಒಂದ್ಬಿಟ್ರೆ ನಮ್ಗೆ ಅವರಿಂದ ಎಂತದೂ ಸಿಕ್ಲಿಲ್ಲ ಮಾರಾಯ. ಅದೂ ಅವ್ರು ಕೊಟ್ಟಿದ್ದಲ್ಲ, ನಾವು ಗೆದ್ದಿದ್ದು. ನಿಜವಾಗ್ಲೂ ಗೆದ್ವಿ ಅಂತ ನಮ್ಗೆ ಗೊತ್ತಾಗಿದ್ದು ಅವ್ರಿಂದ.”

ಚಟ್ಟದ ಮುಂದಿನ ಒಂದು ಬದಿಗೆ ಅವನು ಹೆಗಲು ಕೊಟ್ಟ, ಇನ್ನೊಂದು ಬದಿಗೆ ನಾನು. ಅವನು ಆರಡಿ, ನಾನು ಅವನ ಭುಜಕ್ಕೂ ಬರುವುದಿಲ್ಲ. ಎತ್ತಿದ ಕೂಡಲೇ ಚಟ್ಟ ನನ್ನ ಕಡೆ ವಾಲಿತು. ಅವನು ಮೊಣಕಾಲು ಬಗ್ಗಿಸಿ, ನನ್ನೆತ್ತರಕ್ಕೆ ಇಳಿದು, ಗುಡ್ಡ ಹತ್ತಿ ಮುಗಿಯುವವರೆಗೂ ಹಾಗೇ ನಡೆದ.